ಮೂವರ ಸೀಟಿನಲ್ಲಿ ಅಡ್ಜಸ್ಟ್

ಎದುರಾಳಿ ಬಳಸುವ ಪದಕ್ಕೆ ಮೊದಲು ಅರ್ಥ ಕೇಳು: ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ ಮೊದಲ ಪಾಠ ಇದು. ನಮ್ಮ ಕಡೆ ‘ಅಡ್ಜಸ್ಟ್’ ಎನ್ನುವವರು ಯಾರೂ ಅರ್ಥ ಹೇಳುವುದಿಲ್ಲ. ಬೇಲಾಪುರದ ನನ್ನ ಆಫೀಸಿನಲ್ಲಿ ಅದು ರಜೆಯ ದಿನವೂ ಬಾ ಎಂಬ ಆಜ್ಞೆ. ಕಲ್ಯಾಣದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ, ಇವತ್ತೂ ನೀರಿಲ್ಲ ಎಂಬ ಸಮಾಚಾರ. ಅಮ್ಮನಿಗೆ ಮಾತ್ರ ಅದು ಒಳ್ಳೆಯತನ. ಅಲ್ಲ ಎಂದು ಎಷ್ಟೋ ಸಲ ವಾದಿಸಿದ್ದೇನೆ.

ಕಳೆದ ವರ್ಷ ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿ ಒಂಬತ್ತು ದಿನವಾಗಿತ್ತು. ಹೊಲಿಗೆಯ ತುದಿ ಕೆಂಪಾಗಿ ಒಸರುತ್ತಿತ್ತು. ಹನ್ನೊಂದರೊಳಗೆ ಬಂದರೆ ನೋಡುತ್ತೇನೆ, ಆಮೇಲೆ ನಾಲ್ಕು ದಿನ ಊರಲ್ಲಿರುವುದಿಲ್ಲ ಎಂದಿದ್ದರು ಠಾಣೆಯ ಡಾಕ್ಟರು. ರಸ್ತೆಯ ಗುಂಡಿಗಳಿಗೆ ಹೆದರಿ, ದೊಡ್ಡ ಸ್ಟೇಷನ್ನುಗಳಲ್ಲಷ್ಟೇ ನಿಲ್ಲುವ ಫಾಸ್ಟ್ ಲೋಕಲ್ ರೈಲು ಹತ್ತಿದೆವು. ಹೆಂಗಸರ ಡಬ್ಬಿಯಲ್ಲಿ ಅಮ್ಮನಿಗೆ ಅಂಚಿನ ಸೀಟು ಸಿಕ್ಕಿತು.

ಡೊಂಬಿವಲಿಯಲ್ಲಿ ಹತ್ತಿದ ಹೆಂಗಸೊಬ್ಬರು, “ಥೋಡಾ ಅಡ್ಜಸ್ಟ್ ಕರೋ” ಎಂದರು. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಬಿಡುವುದು ಇಲ್ಲಿಯ ರೂಢಿ. ಅಮ್ಮ ಹೊಟ್ಟೆ ಹಿಡಿದುಕೊಂಡೇ ಸರಿದಳು. ಅವಳ ತುಟಿ ಬಿಳಚಿಕೊಂಡಿತು.

ನಾನು ಶುರು ಮಾಡಿದೆ. ನಾಲ್ಕನೆಯ ಸೀಟು ಹಕ್ಕೋ, ದಯೆಯೋ? ಹಕ್ಕಾದರೆ ಐದನೆಯವರೇನು ಪಾಪ ಮಾಡಿದ್ದಾರೆ? ದಯೆಯಾದರೆ, ಆಪರೇಷನ್ ಆದವಳು ಇಲ್ಲ ಎನ್ನಬಹುದಲ್ಲ? ಆಪರೇಷನ್ ಆಗಿದೆ ಅಂತ ಮೊದಲೇ ಹೇಳಿದ್ದರೆ ಕೂರುತ್ತಲೇ ಇರಲಿಲ್ಲ ಎನ್ನುತ್ತ ಆಕೆ ಎದ್ದು ನಿಂತರು. ಅಲ್ಲಿಗೆ ಮುಗಿಯಬೇಕಿತ್ತು. ಹೇಳದಿದ್ದರೆ ಕೇಳುವುದು ಯಾರ ಕೆಲಸ ಎಂದು ನಾನು ಮುಂದುವರಿಸಿದೆ.

ಅಮ್ಮ ನನ್ನ ದುಪಟ್ಟಾ ಜಗ್ಗಿದಳು. “ಸಾಕು ಕಣೇ. ಮುಂಬ್ರಾ ದಾಟ್ತು.”

ಠಾಣೆಯಲ್ಲಿ ಇಳಿಯುವವರು ಮುಂಬ್ರಾಕ್ಕೂ ಮೊದಲು, ದಿವಾ ಬರುವಷ್ಟರಲ್ಲೇ ಎದ್ದು ಬಾಗಿಲ ಕಡೆ ಸಾಲು ಹಿಡಿಯಬೇಕು. ಇಲ್ಲದಿದ್ದರೆ ಹತ್ತುವವರ ನೂಕಿಗೆ ಇಳಿಯಲಾಗುವುದಿಲ್ಲ. ಕಾಲೇಜಿನ ದಿನಗಳಿಂದ ಓಡಾಡಿದವಳು ಅದನ್ನೇ ಮರೆತಿದ್ದೆ. ಬಾಗಿಲವರೆಗೂ ಬರೀ ತಲೆಗಳು, ಬ್ಯಾಗುಗಳು, ಮೊಣಕೈಗಳು. ಒಂದೇ ಒಂದು ಮೊಣಕೈ ಆ ಹೊಲಿಗೆಗೆ ತಾಗಿದರೂ ಸಾಕು.

ಗಾಡಿ ನಿಧಾನವಾಯಿತು. ಆ ಹೆಂಗಸೇ ಅಮ್ಮನನ್ನು ತಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಂಡು, ಎರಡೂ ಕೈ ಅಗಲಿಸಿ, ಪೇಶಂಟ್ ಇದ್ದಾರೆ ಎಂದು ಮರಾಠಿಯಲ್ಲಿ ಗದರುತ್ತ ಮುಂದೆ ಹೋದರು. ಜನ ದಾರಿ ಬಿಟ್ಟರು. ಅವರಿಬ್ಬರೂ ಠಾಣೆಯಲ್ಲಿ ಇಳಿದರು, ಹಿಂದೆಯೇ ದಾರಿ ಮುಚ್ಚಿತು. ಹತ್ತುವವರು ನನ್ನನ್ನು ಒಳಕ್ಕೆ ತಳ್ಳಿದರು, ಗಾಡಿ ಹೊರಟಿತು.

ಹತ್ತೂ ಇಪ್ಪತ್ತೈದು. ಮುಂದಿನ ನಿಲುಗಡೆ ದೂರದ ಘಾಟ್ಕೋಪರ್. ಫೋನ್ ಬಂತು.

“ಹೊಲಿಗೆಗೆ ಯಾರೂ ತಾಗ್ಲಿಲ್ಲ,” ಎಂದಳು ಅಮ್ಮ. “ಇವರೇ ರಿಕ್ಷಾ ಹಿಡೀತಿದಾರೆ, ಡಾಕ್ಟರ ಹತ್ರ ಬಿಟ್ಟು ಹೋಗ್ತಾರಂತೆ. ಫೈಲು ನಿನ್ನ ಬ್ಯಾಗಲ್ಲಿದೆ. ವಾದ ಮುಗಿದಿದ್ರೆ ತಗೊಂಡು ಬಾ.”