ಕಲಾಯಿ ಪೀರಣ್ಣನ ಸಿಟ್ಟು

ಮದ್ದೂರು ಸಂತೆಯ ಮೂಲೆಯಲ್ಲಿ ಕಲಾಯಿ ಹಾಕುವ ಗೌಸ್ ಪೀರನಿಗೆ ಲೋಕದ ಮೇಲೆಲ್ಲ ಸಿಟ್ಟು. ತವರ ಸಿಗದಂತೆ ಮಾಡಿದ ಯುದ್ಧದ ಮೇಲೆ ಸಿಟ್ಟು, ಇದ್ದಿಲು ಹೊಗೆಯಾಡಿದರೆ ಗಾಳಿಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಕೊಟ್ಟ ಪಾತ್ರೆಯನ್ನು ತಮ್ಮದಲ್ಲ ಎನ್ನುವ ಗಿರಾಕಿಗಳ ಮೇಲೆ. ಹಿಂದೆ ಅವನು ಪಾತ್ರೆಯ ತಗ್ಗು ಸವರಿಯೇ ಅದು ಯಾವ ಊರಿನ ಯಾರ ಮನೆಯದೆಂದು ಹೇಳಿಬಿಡುತ್ತಿದ್ದ. ಎದುರಿಗೆ ಕೂತು ತಿದಿ ಒತ್ತುತ್ತಿದ್ದ ಹೆಂಡತಿ ಬಷೀರುನ್ನೀಸಾ ಹೋದ ವರ್ಷ ಪ್ಲೇಗಿಗೆ ತೀರಿಕೊಂಡಳು. ಅವಳನ್ನು ನೆನೆದರೆ ಕೈ ತಪ್ಪಿ ತವರ ಚೆಲ್ಲುತ್ತದೆಂದು, ನೆನಪು ಬಂದಾಗಲೆಲ್ಲ ತಲೆ ಕೊಡವಿ ಓಡಿಸುವುದನ್ನು ಅವನು ರೂಢಿ ಮಾಡಿಕೊಂಡ. ಅವಳ ಹಿಂದೆಯೇ, ಅವಳೆದುರು ಕೈಗೆ ಬಂದಿದ್ದ ಪಾತ್ರೆಗಳ ಗುರುತೂ ಒಂದೊಂದಾಗಿ ಹೊರಟುಹೋಯಿತು. “ಇದು ನಮ್ ತಪ್ಪಲೆ ಅಲ್ಲ ಕಣ್ ಪೀರಣ್ಣ, ಓದ್ ಸಲಾನೂ ಇಂಗೇ ಮಾಡ್ದೆ” ಎಂದು ಬೆಸಗರಹಳ್ಳಿಯ ಅಂಕಮ್ಮ ಜಗಳಕ್ಕೆ ನಿಂತಳು. “ನಿಮ್ ಪಾತ್ರೆ ನಿಮಗೇ ಗುರ್ತಿಲ್ಲ, ನನ್ನ ಕೇಳ್ತೀರಾ?” ಎಂದು ರೇಗಿದ ಅವನು, ಪ್ರತಿ ಸಂತೆಯಲ್ಲೂ ಮಾಡುವಂತೆ, ಬೆಳ್ಳಿಯ ಹಾಗೆ ಹೊಳೆಯುವ, ಎಲೆಅಡಿಕೆ ಇಡುವ ಪಾನ್‌ದಾನವೊಂದನ್ನು ಎತ್ತಿ ಹಿಡಿದ. “ಇದ್ ನೋಡಮ್ಮ. ವರ್ಸದಿಂದ ಇಲ್ಲೇ ಬಿದ್ದೈತೆ. ವಾರ ವಾರ ನಾನೇ ಕಲಾಯಿ ಆಕ್ತಾ ಇವ್ನಿ. ಮನೆ ಸಾಮಾನು ಮರ್ತು ಕೂತವ್ರಲ್ಲ, ಎಂಥಾ ಜನ ಇವ್ರು.” ಪಾತ್ರೆ ಆರುವವರೆಗೆ ಬಷೀರುನ್ನೀಸಾ ತನಗೆ ಎಲೆ ಮಡಿಸಿ ಕೊಡುತ್ತಿದ್ದುದು ಆ ಪಾನ್‌ದಾನದಿಂದಲೇ ಎಂಬುದು ಅಂಕಮ್ಮನಿಗೆ ನೆನಪಿತ್ತು. ಅವಳು ಇನ್ನಾರದೋ ಮನೆಯ ಆ ತಪ್ಪಲೆಯನ್ನೇ ಕಂಕುಳಿಗೇರಿಸಿಕೊಂಡು, “ಮಡಿಕ್ಕೊಂಡಿರಣ್ಣ, ಬತ್ತಾರೆ” ಎಂದಳು.