ನೀರು ಇಳೀತಾ ಇದೆ

ನಾನು ಹುಟ್ಟಾ ಪುಕ್ಕಲಿ. ಅಂಥವಳ ಪಾಲಿಗೆ ಬಂದದ್ದು ನೀರಿನ ಭಯವನ್ನೇ ಬರೆದ ಒಬ್ಬ ಜರ್ಮನ್ ಕಥೆಗಾರ. ಹ್ಯೂಸ್ಟನ್ನಿನ ನಮ್ಮ ಕನ್ನಡ ಓದುಬಳಗದಲ್ಲಿ ತಿಂಗಳಿಗೊಬ್ಬರು ಹೊರಭಾಷೆಯ ಲೇಖಕರ ಬಗ್ಗೆ ಮಾತಾಡಬೇಕು. ಆ ಸಲ ಚೀಟಿ ಎತ್ತಿದಾಗ ನನಗೆ ಸಿಕ್ಕವನು ಅವನು.

ಸಮುದ್ರದಂಚಿನ ಊರಿನವನು, ವೃತ್ತಿಯಲ್ಲಿ ನ್ಯಾಯಾಧೀಶ, ಮನಸ್ಸಿನಲ್ಲಿ ಕವಿ. ಕೊನೆಯ ಕಥೆ ಬರೆಯುವಾಗ ಕ್ಯಾನ್ಸರ್ ಎಂದು ತಿಳಿದು ಕುಸಿದುಬಿಟ್ಟ. ಆಗ ಮನೆಯವರು ವೈದ್ಯರನ್ನು ಒಪ್ಪಿಸಿ, ಅದು ಕ್ಯಾನ್ಸರ್ ಅಲ್ಲವೆಂದು ಹೇಳಿಸಿದರು. ನಂಬಿದ, ಕಥೆ ಮುಗಿಸಿದ. ಆ ಕಥೆಯಲ್ಲಿ ಸಮುದ್ರ ಊರಿಗೆ ನುಗ್ಗದಂತೆ ಕಟ್ಟಿದ ಏರಿ ಬಿರುಗಾಳಿಗೆ ಒಡೆಯುತ್ತದೆ. ಏರಿ ಕಾಯಲು ಹೋದ ಗಂಡನನ್ನು ಹುಡುಕಿಕೊಂಡು ಹೆಂಡತಿ ಮಗುವಿನೊಂದಿಗೆ ಗಾಡಿಯಲ್ಲಿ ಹೊರಡುತ್ತಾಳೆ. ತಾಯಿ, ಮಗು ಇಬ್ಬರೂ ನೀರುಪಾಲು. ವಾರವಿಡೀ ಅಡುಗೆ ಮಾಡುತ್ತ ಇದನ್ನೇ ಗಟ್ಟಿಯಾಗಿ ಅಭ್ಯಾಸ ಮಾಡಿದೆ. ಪುಟ್ಟ ಮಗಳು ಕೇಳಿಸಿಕೊಳ್ಳುತ್ತಿದ್ದಾಳೆಂದು ನನಗೆ ಹೊಳೆಯಲೇ ಇಲ್ಲ.

ಕಾರ್ಯಕ್ರಮದ ಹಿಂದಿನ ದಿನವೇ ಚಂಡಮಾರುತ ಬಂತು. ಹ್ಯೂಸ್ಟನ್ನಿನ ಹೊರವಲಯದ ಫುಲ್‌ಶೀರ್‌ನ ನಮ್ಮ ಬಡಾವಣೆಗೂ ನದಿಗೂ ನಡುವೆ ಇರುವುದು ಒಂದು ಮಣ್ಣಿನ ಏರಿ ಮಾತ್ರ. ಅದು ಜಿನುಗುತ್ತಿದೆಯೆಂದು ವಾಟ್ಸಾಪಿನಲ್ಲಿ ಬಂದದ್ದೇ ತಡ, ನನ್ನ ಗಂಡ ಮರಳಿನ ಚೀಲ ಹೊರಲು ನೆರೆಯವರ ಜೊತೆ ಹೊರಟೇಬಿಟ್ಟರು. ಮಧ್ಯಾಹ್ನ ಫೋನ್ ಮಾಡಿದರು.

"ನೀರು ಇಳೀತಾ ಇದೆ ಕಣೇ. ಏನೂ ಭಯ ಇಲ್ಲ, ನೀನು ಮನೇಲೇ ಇರು."

ಅಷ್ಟು ಮೃದುವಾಗಿ ಮಾತಾಡುವ ಜಾಯಮಾನ ಅವರದಲ್ಲ. ಆ ಕವಿಗೆ ಮನೆಯವರು ಹೇಳಿಸಿದ ಸುಳ್ಳು ನೆನಪಾಯಿತು. ತಿರುಗಿ ಫೋನ್ ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದೆ, ಇಲ್ಲ. ಹೆದರಿಕೆಯಲ್ಲಿ ಬುದ್ಧಿಯೇ ಓಡಲಿಲ್ಲ. ಮಗಳನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ, ಕಾರು ಸ್ಟಾರ್ಟ್ ಮಾಡಿದೆ. ಗ್ಯಾರೇಜಿನ ಬಾಗಿಲು ಮೇಲೇರಿತು. ಹೊರಗೆ ರಸ್ತೆ ಯಾವುದು, ಹುಲ್ಲುಹಾಸು ಯಾವುದು, ಒಂದೂ ತಿಳಿಯುತ್ತಿರಲಿಲ್ಲ. ಎಲ್ಲ ಕಂದು ನೀರು.

"ಅಮ್ಮಾ, ಆರ್ ವಿ ಗೋಯಿಂಗ್ ಟು ಫೈಂಡ್ ಅಪ್ಪ?" ಹಿಂದಿನಿಂದ ಮಗಳು ಕೇಳಿದಳು. "ಲೈಕ್ ಇನ್ ಯುವರ್ ಸ್ಟೋರಿ?"

ಕಾರು ಆಫ್ ಮಾಡಿದೆ. ಸ್ಟೀರಿಂಗ್ ಹಿಡಿದುಕೊಂಡೇ ಅತ್ತೆ.

ಸಂಜೆ ಅವರು ಮೈಯೆಲ್ಲ ಕೆಸರಾಗಿ ಬಂದರು. ಏರಿ ಹೇಗೋ ಉಳಿದಿತ್ತು. ನಾನು ಟವೆಲ್ ಕೊಡುತ್ತ, "ಮಧ್ಯಾಹ್ನ ನಿಜವಾಗ್ಲೂ ನೀರು ಇಳೀತಿತ್ತಾ?" ಅಂದೆ.

"ಎಲ್ಲಿ ಇಳೀತಿತ್ತು? ಏರ್ತಾನೇ ಇತ್ತು. ನಿಜ ಹೇಳಿದ್ರೆ ಮಗೂನ ಕಟ್ಕೊಂಡು ನನ್ನ ಹುಡುಕ್ಕೊಂಡು ಬಂದುಬಿಡ್ತೀಯ ಅಂತ ಭಯ ಆಯ್ತು."

ಮಗಳು ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಕೈಯನ್ನು ಮೆಲ್ಲಗೆ ಒತ್ತಿದೆ.

"ಅಯ್ಯೋ, ನಾನ್ಯಾಕೆ ಬರ್ಲಿ? ನಾವು ಆರಾಮಾಗಿ ಮನೇಲಿದ್ವಪ್ಪ," ಅಂದೆ.