ಸಾವಿತ್ರೆವ್ವನ ನಾಲ್ಕು ಹಲ್ಲು

ಬಾಗಲಕೋಟೆಯ ಹಳೇಪೇಟೆಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ನಮಾಜು ಮುಗಿಸಿ ಬಂದ ಜಾಫರಸಾಬ ಅಂಗಳದಲ್ಲಿ ಕೂತು, ನಿನ್ನೆ ಸಂಜೆ ನೀರಿನಲ್ಲಿ ಕುದಿಸಿ ಆರಲು ಬಿಟ್ಟಿದ್ದ ಹಿತ್ತಾಳೆಯ ಅಚ್ಚನ್ನು ಬಿಚ್ಚುತ್ತಾರೆ. ಒಳಗಿನ ಪ್ಲಾಸ್ಟರನ್ನು ಪುಟ್ಟ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಉದುರಿಸಿದರೆ, ಗುಲಾಬಿ ಬಣ್ಣದ ಒಸಡಿನ ಅಂಚಿಗೆ ಕೂತ ನಾಲ್ಕು ಹಲ್ಲು ಕಾಣುತ್ತವೆ. ಬೆಳಕಿಗೆ ಹಿಡಿದು ನೋಡುತ್ತಾರೆ. ಬಿರುಕಿಲ್ಲ.

“ಈ ಸಲಾನರ ಕೂಡತಾವೇನ್ರಿ?” ಹೆಂಡತಿ ನಜಮಾ ಕೇಳುತ್ತಾರೆ.

“ಕೂಡಬೇಕು. ಸೋಮವಾರ ಹುಡುಗಿ ಪರೀಕ್ಷಾಕ್ಕ ಹೋಗಾಕಿ.”

ಹುಡುಗಿ ಗುಳೇದಗುಡ್ಡದ ಸಾವಿತ್ರೆವ್ವ, ಹದಿನೇಳು ವರ್ಷದವಳು. ಹಾಲುಹಲ್ಲು ಬಿದ್ದ ಮೇಲೆ ಅವಳಿಗೆ ಮುಂದಿನ ನಾಲ್ಕು ಹಲ್ಲು ಬರಲೇ ಇಲ್ಲ. ಮಾತಾಡುವಾಗೆಲ್ಲ ಸೆರಗು ಬಾಯಿಗೆ ಹೋಗುತ್ತದೆ. ಶಿಕ್ಷಕಿಯರ ತರಬೇತಿಗೆ ಸೇರಬೇಕಾದರೆ ಸೋಮವಾರ ಪರೀಕ್ಷಕರೆದುರು ಗಟ್ಟಿಯಾಗಿ ಪಾಠ ಓದಬೇಕು.

ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದ ಜಾಫರಸಾಬ ಸೊಲ್ಲಾಪುರದಲ್ಲಿ ನಾಲ್ಕು ವರ್ಷ ಈ ಹಲ್ಲು ಕಟ್ಟುವ ವಿದ್ಯೆ ಕಲಿತವರು. ಊರಿನ ದಂತವೈದ್ಯರಿಗೆ ವಾರಕ್ಕೆ ಮೂರು ಸೆಟ್ ಮಾಡಿಕೊಡುತ್ತಾರೆ. ಹೆಚ್ಚಿನವು ಮುದುಕರವು. ಹುಟ್ಟಿನಿಂದಲೇ ಹಲ್ಲಿನ ಕೊರತೆಯಿರುವ ಎಳೆಯರು ಕಳೆದ ಆರು ವರ್ಷದಲ್ಲಿ ಒಂಬತ್ತು ಮಂದಿ ಬಂದಿದ್ದಾರೆ. “ಮುದುಕರಿಗೆ ಒಮ್ಮೆ ಮಾಡಿದ್ರ ಆತ್ರಿ. ಹುಡುಗರ ದವಡಿ ಬೆಳೀತದ, ವರ್ಷಾ ಎರಡು ವರ್ಷಕ್ಕ ಮತ್ತ ಹೊಸದು ಮಾಡಬೇಕು,” ಎನ್ನುತ್ತಾರೆ. ಸತ್ತವರ ಬಾಯಿಂದ ಕಿತ್ತ ಹಲ್ಲು ಎಂದು ಹೆದರಿ ಅರ್ಧಕ್ಕೇ ಎದ್ದುಹೋದವರೂ ಇದ್ದಾರೆ. ಅದಕ್ಕೇ ಮುಂಬಯಿಯಿಂದ ಬಂದ ಕೃತಕ ಹಲ್ಲಿನ ಪೊಟ್ಟಣವನ್ನು ಎಲ್ಲರೆದುರೇ ಒಡೆಯುತ್ತಾರೆ.

ಸಾವಿತ್ರೆವ್ವನ ಮೊದಲ ಸೆಟ್ ದಪ್ಪವಾಗಿ, ‘ಸ’ ಅಂದರೆ ಸೀಟಿ ಹೊಡೆಯುತ್ತಿತ್ತು. ಹುಡುಗಿ ಅಳುತ್ತ ಹೋದಳು. ಜಾಫರಸಾಬ ಅದನ್ನು ಒಡೆದುಹಾಕಿ ಹೊಸದಾಗಿ ಶುರುಮಾಡಿದರು.

ಹತ್ತು ಗಂಟೆಗೆ ದಂತವೈದ್ಯರ ದವಾಖಾನೆಯಲ್ಲಿ ಸಾವಿತ್ರೆವ್ವನ ಜೊತೆ ತಾಯಿ ಗುರುಸಿದ್ದವ್ವನೂ ಇದ್ದಾರೆ. ಬಸುರಿದ್ದಾಗ ಗ್ರಹಣದಲ್ಲಿ ಹೊರಗೆ ಬಂದೆಯೆಂದು ಮನೆಯವರು ಹತ್ತು ವರ್ಷದಿಂದ ಅವರನ್ನೇ ದೂರಿದ್ದಾರೆ. ವೈದ್ಯರು ಹುಬ್ಬಳ್ಳಿಯಿಂದ ಬಂದ ಎಕ್ಸ್‌ರೇ ಹಿಡಿದು ತೋರಿಸುತ್ತಾರೆ. “ಎಲುಬಿನ್ಯಾಗ ಹಲ್ಲಿನ ಮೊಳಕಿನೇ ಇಲ್ಲವ್ವಾ. ಹುಟ್ಟಿನಿಂದನ ಹಿಂಗ. ನಿಂದೇನೂ ತಪ್ಪಿಲ್ಲ.”

ಗುರುಸಿದ್ದವ್ವ ಹೊರಗಿನ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತು, ಮುಖ ತೊಳೆದು ಒಳಗೆ ಬರುತ್ತಾರೆ.

ವೈದ್ಯರು ಹೊಸ ಸೆಟ್ ಕೂರಿಸುತ್ತಾರೆ. ಒಂದು ಕಡೆ ಒಸಡಿಗೆ ಒತ್ತುತ್ತದೆ. ಜಾಫರಸಾಬ ಎರಡು ಸಲ ಉಜ್ಜಿ ಕೊಟ್ಟು, ಪತ್ರಿಕೆಯೊಂದನ್ನು ಚಾಚುತ್ತಾರೆ. “ಓದವಾ ತಂಗಿ, ಗಟ್ಟಿಯಾಗಿ.”

ಮೊದಲ ಸಾಲು ತೊದಲುತ್ತದೆ. ಎರಡನೆಯದರಲ್ಲಿ ‘ಸರ್ಕಾರ’, ‘ಸಂತೆ’, ‘ಸಾಸಿವೆ’ ಎಲ್ಲವೂ ಸ್ಪಷ್ಟ. ಸಾವಿತ್ರೆವ್ವ ನಿಲ್ಲಿಸುವುದೇ ಇಲ್ಲ. ಪುಟ ಮುಗಿಸಿ, ಜಾಹೀರಾತನ್ನೂ ಓದುತ್ತಾಳೆ.

“ಸಾಕವಾ, ಪೇಪರ್ ಹರದೀತು!” ಎಂದು ವೈದ್ಯರು ನಗುತ್ತಾರೆ.

ತಾಯಿ ಮಗಳು ಹೋದಮೇಲೆ ವೈದ್ಯರು ಜಾಫರಸಾಬರಿಗೆ, ನಿಮ್ಮ ಹೆಸರು ನಾಲ್ಕು ಜನಕ್ಕೆ ಗೊತ್ತಾಗಬೇಡವೇ ಎಂದರೆ, ಅವರು ಕೈಗಂಟಿದ ಪುಡಿ ಒರೆಸಿಕೊಳ್ಳುತ್ತಾ ತಲೆಯಾಡಿಸುತ್ತಾರೆ.

“ಬ್ಯಾಡ್ರಿ. ಆ ಹಲ್ಲು ಮಾಡಿದವ ಒಬ್ಬ ಇದ್ದಾನ ಅಂತ ನೋಡಿದವರಿಗೆ ಗೊತ್ತಾತಂದ್ರ, ನನ್ನ ಕೆಲಸ ಕೆಟ್ಟಂಗ.”